ಮುಷ್ಟಿ ಮತ

ಹೆಮ್ಮಾಡಿ,
೧೮ ಫೆಬ್ರವರಿ ೧೯೬೯

ಸಿಟ್ಟಾಗಿದ್ದರೂ ನನ್ನ ಅಕ್ಕನೇ ಆದ ಕುಸುಮಕ್ಕನಿಗೆ ಗಿರಿಜೆಯ ನಮಸ್ಕಾರ.

ಮುಂಬಯಿಯಿಂದ ನೀನು ಬರೆದದ್ದು ತಲುಪಿತು. ಕರಪತ್ರ ಓದಿ ನನ್ನ ತಲೆ ಕೆಟ್ಟಿದೆ, ಅಮ್ಮಮ್ಮ ಮಲಗಿರುವ ಮನೆಯಲ್ಲಿ ಸಾವಿನ ಮಸೂದೆ ತರುವವಳು ಮನುಷ್ಯಳೇ ಅಲ್ಲ ಎಂದಿದ್ದೀಯ. ಭಾನುವಾರ ನಡೆದದ್ದನ್ನು ಓದು, ಆಮೇಲೆ ಬೈಯಿ.

ದೀಪಾವಳಿಗೆ ಸೊಂಟ ಮುರಿದ ಮೇಲೆ ಅಮ್ಮಮ್ಮ ಎದ್ದಿಲ್ಲ. ನೋವಿಗೆ ಮದ್ದಿಲ್ಲ ಎಂದು ಡಾಕ್ಟರು ಕೈಬಿಟ್ಟರು. ಕಳೆದ ವಾರದಿಂದ ಗಂಜಿ ತಂದರೆ ಹಲ್ಲು ಕಚ್ಚುತ್ತಿದ್ದಳು. ಅಮ್ಮ ಬಟ್ಟಲು ಹಿಡಿದು ಅಳುವುದು, ಅಮ್ಮಮ್ಮ ಗೋಡೆಗೆ ಮುಖ ತಿರುಗಿಸುವುದು. ನನ್ನನ್ನು ಹತ್ತಿರ ಕರೆದು, "ನಂಗೆ ಸಾಕಾಯ್ತ್ ಹೆಣೆ, ನೀನಾರೂ ನನ್ ಬದಿ ಮಾತಾಡ್" ಎಂದಳು. ಕೇಳಿಯೂ ಸುಮ್ಮನಿರಲೇ?

ನಮ್ಮ ವಾಚನಾಲಯದವರು ಈಗ ಪ್ರತಿ ಭಾನುವಾರ ಅಣಕು ಶಾಸನಸಭೆಯ ಮೇಲ್ಮನೆಯಾಗಿ ಸೇರುತ್ತೇವೆ. ಹುಡುಗರು ಕೆಳಮನೆಯೇ ಬೇಕೆಂದರು. ನಾನು ಬಿಡಲಿಲ್ಲ. ಕೂಗಾಡುವವರು ಬೇಕಾದಷ್ಟಿದ್ದಾರೆ, ದುಡುಕಿದ್ದನ್ನು ತಡೆದು ಮತ್ತೊಮ್ಮೆ ಯೋಚಿಸುವುದು ಮೇಲ್ಮನೆಯ ಕೆಲಸ ಎಂದು ಓದಿದ್ದೆ. ನಮ್ಮ ಮತ ಮುಷ್ಟಿಯಲ್ಲಿ. ಪರವಾದರೆ ಒಂದು ಮುಷ್ಟಿ ಹೆಸರುಕಾಳು, ವಿರೋಧವಾದರೆ ಒಂದು ಮುಷ್ಟಿ ಕುಚ್ಚಲಕ್ಕಿ. ಒಬ್ಬೊಬ್ಬರೇ ಎದ್ದು ಎಲ್ಲರೆದುರು ಪಾತ್ರೆಗೆ ಹಾಕುತ್ತೇವೆ, ಸಭಾಪತಿ ಪ್ರೇಮಾನಂದ ಎಣಿಸುತ್ತಾನೆ. ಕೂಡಿದ ಧಾನ್ಯ ಮಾರಿ ಪತ್ರಿಕೆ ತರಿಸುತ್ತೇವೆ.

ಈ ಸಲ ಅಧಿವೇಶನವನ್ನು ನಮ್ಮ ಚಾವಡಿಗೇ ಕರೆದೆ, ಒಳಕೋಣೆಯ ಬಾಗಿಲು ತೆರೆದಿಟ್ಟೆ. ತನ್ನ ಬದಿ ಮಾತಾಡುವುದನ್ನು ಅಮ್ಮಮ್ಮ ಕೇಳಬೇಕಲ್ಲ.

ಮೊದಲು ಗೇಣಿ ರದ್ದು ಮಸೂದೆ. ಅಂಗೀಕಾರವಾಯಿತು, ಅಪ್ಪಯ್ಯ ಎದ್ದು ತೆಂಗಿನ ಬುಡ ನೋಡಲು ಹೋದರು. ಆಮೇಲೆ ವರದಕ್ಷಿಣೆ ನಿಷೇಧ. ನಮ್ಮ ಸದಸ್ಯ ಚಂದುವಿಗೆ ಹೆಣ್ಣು ನೋಡುತ್ತಿದ್ದಾರೆ. ಅವನ ಮುಷ್ಟಿ ಬಿಚ್ಚುವವರೆಗೂ ಸದಸ್ಯೆ ಜಲಜ ಕಣ್ಣು ಕದಲಿಸಲಿಲ್ಲ.

ನನ್ನ ಮಸೂದೆ ಕೊನೆಗೆ. ಗುಣವಾಗದ ನೋವಿನವರು ತಾವೇ ಕೇಳಿದರೆ ವೈದ್ಯರು ಸಾವಿಗೆ ನೆರವಾಗಬಹುದು. ನಾನು ಮಾತಾಡಿದೆ, ಚೆನ್ನಾಗಿಯೇ ಮಾತಾಡಿದೆ. ಚಂದು ಎದ್ದು, "ಕಾಯ್ದೆ ಆಯ್ಲಿ, ಆಸ್ತಿ ಪಾಲ್ ಬೇಕಾದೋರೇ ಮೊದ್ಲ್ ಅರ್ಜಿ ಬರಿತ್ರ್ ಕಾಣಿ" ಎಂದ. ನಮ್ಮ ಗದ್ದೆಯ ಒಕ್ಕಲು ಐತ ಕೂತಲ್ಲಿಂದಲೇ, "ಸಾಯುಕೆ ಡಾಕ್ಟ್ರಂಬ್ರ್. ನಮ್ ಕೇರಿಗೆ ಬದ್ಕುಕೇ ಒಬ್ಬ ಡಾಕ್ಟ್ರ್ ಬಂದದ್ದ್ ನಾ ಕಾಣ್ಲಿಲ್ಲೆ" ಎಂದ. ನಾನು ಕರಪತ್ರ ಮಡಚಿಟ್ಟು ಕೂತೆ ಅಕ್ಕ.

ಮತದ ಹೊತ್ತು. ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಅವಳೆದುರು ಯಾರು ಹೆಸರುಕಾಳು ಹಾಕಿಯಾರು? ಗುಪ್ತವಾಗಿರಲಿ ಎಂದು ಪ್ರೇಮಾನಂದ ಹೆಗಲ ಮೇಲಿನ ಬೈರಾಸನ್ನು ಪಾತ್ರೆಗೆ ಮುಚ್ಚಿದ. ಎಲ್ಲರೂ ಬೈರಾಸಿನ ಅಡಿ ಕೈ ತೂರಿಸಿ ಬಂದೆವು. ಬೈರಾಸು ತೆಗೆದ ಪ್ರೇಮಾನಂದ ಪಾತ್ರೆಯನ್ನೇ ನೋಡುತ್ತ ಕೂತ. ಅಕ್ಕಿಯೂ ಹೆಸರೂ ಒಂದಾಗಿದ್ದವು. ಜರಡಿ ಹಿಡಿಯೋಣ ಎಂದಳು ಜಲಜ. ಹಿಡಿದರೂ ಎಷ್ಟು ಕೈ ಎಂದು ಹೇಗೆ ತಿಳಿಯಬೇಕು? ಐತನ ಒಂದು ಮುಷ್ಟಿ ಜಲಜಳ ಎರಡು ಮುಷ್ಟಿಗೆ ಸಮ. ಸೇರಿನಲ್ಲಿ ಅಳೆಯಿರಿ ಎಂದು ಚಂದು, ಹಾಗಾದರೆ ದೊಡ್ಡ ಕೈಯವನೇ ಸರ್ಕಾರ ಎಂದು ನಾನು. ಮೇಲ್ಮನೆ ಮೀನು ಮಾರ್ಕೆಟ್ಟಾಯಿತು.

ಆಗ ಒಳಗಿನಿಂದ ನಗು. ಎಷ್ಟೋ ದಿನದ ಮೇಲೆ ಅಮ್ಮಮ್ಮನ ನಗು.

"ಎಣ್ಸುಕೆ ಬತ್ತಿಲ್ಲೆ ಅಂದ್ರೆ, ಬೇಯ್ಸುಕಾರೂ ಬತ್ತಾ ಇಲ್ಯಾ ಮಕ್ಳೆ?" ಎಂದು ಕೇಳಿದಳು.

ಬೇಯಿಸಿದೆವು. ನಮ್ಮ ಮತವೆಲ್ಲ ಗಂಜಿಯಾಯಿತು. ಅಮ್ಮ ಬಡಿಸಿದಳು, ಬಟ್ಟಲು ನಾನು ಹಿಡಿದೆ. ಅಮ್ಮಮ್ಮ ಬಾಯಿ ತೆರೆದಳು. ಅರ್ಧ ಬಟ್ಟಲು ಉಂಡು, ಉಪ್ಪು ಕಮ್ಮಿ ಎಂದಳು. ಮತ್ತೆ, "ನಿನ್ ಬಿಲ್ಲ್ ಹಾಂಗೇ ಇಟ್ಕೋ. ಕುಸುಮ ಬಂದ್ ಹೋಯ್ಲಿ, ಮತ್ತೆ ಕಾಂಬ" ಎಂದಳು.

ಹಾಗಾಗಿ ಮಸೂದೆಯನ್ನು ನಾನು ಹಿಂತೆಗೆದುಕೊಂಡಿಲ್ಲ. ನೋವು ಉಣ್ಣುವವರ ಮಾತೇ ಕೊನೆಯ ಮಾತಾಗಬೇಕು ಎಂದು ಈಗಲೂ ಹೇಳುತ್ತೇನೆ. ಅವಳು ಮುಂದೂಡು ಎಂದಳು, ಮುಂದೂಡಿದೆ. ಈಗ ಅವಳ ಮಂಚ ಚಾವಡಿಯಲ್ಲಿದೆ, ಐತನೂ ಚಂದುವೂ ಹೊತ್ತು ತಂದರು. ಬರುವ ಭಾನುವಾರ ಹೆಂಡದಂಗಡಿಯ ವಿಷಯವಂತೆ, ತಾನೂ ಮಾತಾಡಬೇಕಂತೆ.

ನೀನು ಬಾ. ಆದರೆ ಅವಸರ ಮಾಡಬೇಡ. ನೀನು ತಡ ಮಾಡಿದಷ್ಟೂ ಅವಳು ಉಣ್ಣುತ್ತಾಳೆ.

ನಿನ್ನ ತಲೆಕೆಟ್ಟ ತಂಗಿ,
ಗಿರಿಜಾ

ತಾ.ಕ.: ಮತಕ್ಕೆ ಹೋಗುವಾಗ ಸೆರಗಿನಲ್ಲಿ ಎರಡು ಗಂಟು ಕಟ್ಟಿಕೊಂಡಿದ್ದೆ. ಬೈರಾಸಿನ ಅಡಿಯಲ್ಲಿ ನನ್ನ ಕೈ ಬಿಟ್ಟದ್ದು ಅಕ್ಕಿಯನ್ನು. ಚಂದುವಿಗೆ ತಿಳಿಯದಿರಲಿ. ಹೆಸರುಕಾಳಿನ ಗಂಟು ಇನ್ನೂ ಬಿಚ್ಚಿಲ್ಲ.