ಕಾರ್ಡ್ ಫುಲ್

ಆಗಸ್ಟ್ 3, ಭಾನುವಾರ

ಬೆಳಿಗ್ಗೆ ಎದ್ದವಳೇ ಕ್ಯಾಮೆರಾ ಹಿಡಿದು ಪಕ್ಕದ ಖಾಲಿ ಸೈಟಿಗೆ ಇಳಿದೆ. ಪಾರ್ಥೇನಿಯಂ ಎಲೆಯ ಮೇಲೆ ಜಿಗಿಯುವ ಜೇಡ. ಉಗುರಿನಷ್ಟೂ ಇಲ್ಲ, ಆದರೆ ತಿರುಗಿ ನನ್ನನ್ನೇ ನೋಡಿತು. ಫೋಕಸ್ ಆಗುವಷ್ಟರಲ್ಲಿ ಮೇಲಿಂದ ಅತ್ತೆಯ ಕೂಗು — "ಶಾಂತಾ, ಹಾಲು ಉಕ್ತಲ್ಲೇ!" ಓಡಿದೆ. ಜೇಡವೂ ಓಡಿತು.

ವಾರಕ್ಕೆ ಇದೊಂದು ಗಂಟೆ ನನ್ನದು. ಅದಕ್ಕೂ ಕಣ್ಣು.

ಮುಂದೆ ಏನು ಕೊಳ್ಳುವುದು? ಮ್ಯಾಕ್ರೋ ಲೆನ್ಸ್ ಆದರೆ ಜೇಡದ ಮುಖದ ಕೂದಲೂ ಕಾಣುತ್ತೆ. ಫ್ಲ್ಯಾಶ್ ಆದರೆ ಈ ಕತ್ತಲೆ ಹಾಲ್‌ನಲ್ಲೂ ಏನಾದರೂ ತೆಗೀಬಹುದು. ಟ್ರೈಪಾಡ್... ಹೊರೋರು ಯಾರು. ರಿವ್ಯೂ ವಿಡಿಯೋ ನೋಡಿ ನೋಡಿ ತಲೆನೋವು ಬಂತು, ತೀರ್ಮಾನ ಬರಲಿಲ್ಲ.

ಕಾರ್ಡ್ ಬೇರೆ ಫುಲ್. ಹಳೆಯದನ್ನೆಲ್ಲ ಡಿಲೀಟ್ ಮಾಡುತ್ತಾ ಕೂತೆ. ಹೊಸ ಕಾರ್ಡ್ ಒಂದು ತಗೋಬೇಕು. ಆದರೆ ಮೆಮೊರಿ ಕಾರ್ಡ್ ಕೊಳ್ಳೋಕೆ ಯಾರಿಗೆ ಹುಮ್ಮಸ್ಸು ಬರುತ್ತೆ?

ಆಗಸ್ಟ್ 12, ಮಂಗಳವಾರ, ಆಫೀಸಿನಲ್ಲಿ ಊಟದ ಹೊತ್ತು

ಕಾಲೇಜಿನ ಅಡ್ಮಿಷನ್ ಕೌಂಟರಿನಲ್ಲಿ ಬೆಳಿಗ್ಗೆಯಿಂದ ಒಂದೇ ಹಾಡು — "ಮೇಡಂ, ಸರ್ವರ್ ಡೌನಾ?" ನಾನೂ ಡೌನು.

ಅಕೌಂಟ್ಸ್‌ನ ಮೇಘಶ್ರೀಗೂ ಕ್ಯಾಮೆರಾ ಹುಚ್ಚು. ಡಬ್ಬಿ ಮುಚ್ಚುತ್ತಾ ಅಂದಳು, "ಮ್ಯಾಕ್ರೋನೇ ತಗೊಳ್ಳಿ ಮೇಡಂ, ಸಖತ್ ಆಗಿರುತ್ತೆ. ಆದ್ರೆ ಒಂದೇ ಕಾರ್ಡ್ ಇಟ್ಕೊಂಡು ಓಡಾಡ್ತೀರಲ್ಲ, ಭಯ ಆಗಲ್ವಾ?"

ನಕ್ಕು ನನ್ನ ಡಬ್ಬಿಯನ್ನೂ ಮುಚ್ಚಿದೆ.

ನಿನ್ನೆ ಭೀಮೇಶ್ ಬಾಯಿಬಿಟ್ಟರು. "ಆ ಕ್ಯಾಮೆರಾದಲ್ಲಿ ಮನೆಯವ್ರದ್ದು ಒಂದು ನೆಟ್ಟಗಿರೋ ಫೋಟೋ ಇಲ್ಲ. ಜೇಡಕ್ಕೆ ಲೆನ್ಸ್ ಬೇಕಂತೆ." ಚುಚ್ಚಿತು. ಗಂಡನ ಮಾತು ಸುಳ್ಳಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಆಗಸ್ಟ್ 31, ಭಾನುವಾರ

ಮುಂದಿನ ತಿಂಗಳು ಮಹಾಲಯ ಅಮಾವಾಸ್ಯೆ, ಮಾವನಿಗೆ ಎಡೆ ಇಡಬೇಕು. ಗೋಡೆಯ ಮೇಲಿನ ಅವರ ಫೋಟೋ ಒರೆಸುತ್ತಾ ನೋಡಿದೆ. ನಾನು ಈ ಮನೆಗೆ ಬರುವುದಕ್ಕೆ ಎಷ್ಟೋ ಮೊದಲೇ, ಭೀಮೇಶ್ ಸ್ಕೂಲಿನಲ್ಲಿರುವಾಗಲೇ, ಹೋದವರು. ಫೋಟೋಗೆ ಕಂದು ಬಣ್ಣದ ತೇವದ ಕಲೆ. ಎಡಗಡೆ ಭುಜದ ಮೇಲೆ ಯಾರದ್ದೋ ಬೆರಳು. ಯಾವುದೋ ಗ್ರೂಪ್ ಫೋಟೋದಿಂದ ಕತ್ತರಿಸಿದ್ದಿರಬೇಕು. ಹಾರ ಹಾಕಿದರೆ ಮುಚ್ಚಿಹೋಗುತ್ತೆ ಅಂತ ಯಾರೂ ತಲೆಕೆಡಿಸಿಕೊಂಡಿಲ್ಲ.

ಐಡಿಯಾ ಬಂತು. ಇದನ್ನೇ ಕ್ಯಾಮೆರಾದಲ್ಲಿ ತೆಗೆದು, ರಿಪೇರಿ ಮಾಡಿ, ಹೊಸ ಫ್ರೇಮ್ ಹಾಕಿಸಿದರೆ? ಆಮೇಲೆ ಲೆನ್ಸ್ ವಿಷಯಕ್ಕೆ ಈ ಮನೆಯಲ್ಲಿ ಯಾರೂ ಉಸಿರೆತ್ತುವ ಹಾಗಿಲ್ಲ. ಹೌದು, ಅದೇ ಉದ್ದೇಶ. ಇಲ್ಲಾದರೂ ನಿಜ ಬರೀಬೇಕಲ್ಲ.

ಸೆಪ್ಟೆಂಬರ್ 7, ಭಾನುವಾರ

ಅತ್ತೆ ಪದ್ಮನಾಭನಗರಕ್ಕೆ, ತಂಗಿ ಮನೆಗೆ ಹೋಗಿದ್ದಾರೆ. ಹಬ್ಬದ ಹೊತ್ತಿಗೆ ಬರ್ತಾರೆ. ಸರ್‌ಪ್ರೈಸ್ ಆಗಲಿ.

ಫ್ರೇಮ್ ಇಳಿಸಿ ತಾರಸಿಯ ನೆರಳಲ್ಲಿ ತೆಗೆದೆ. ಚೆನ್ನಾಗಿ ಬಂತು. ಮೊಬೈಲಿಗೆ ಹಾಕಿಕೊಂಡು ಕಲೆ ಅಳಿಸಿದೆ. ಬೆರಳಿನ ಮೇಲೆ ಉಜ್ಜಿದೆ, ಮಾಯ. ಭುಜ ಇಸ್ತ್ರಿ ಮಾಡಿದ ಹಾಗೆ ಆಯಿತು. ಅದರ ಮೇಲೇ ಸೇವ್ ಮಾಡಿ ಫ್ರೇಮ್ ಅಂಗಡಿ ಸೀನುಗೆ ಕಳಿಸಿದೆ. ಫ್ರೇಮನ್ನೂ ಕೊಟ್ಟು ಬಂದೆ.

ಸೆಪ್ಟೆಂಬರ್ 14, ಭಾನುವಾರ

ಜೇಡ ಸಿಕ್ಕಿತು! ಬಾಯಲ್ಲಿ ನೊಣ ಕಚ್ಚಿಕೊಂಡು ಕೂತಿತ್ತು, ಅಲ್ಲಾಡಲಿಲ್ಲ. ಬಟನ್ ಒತ್ತಿದರೆ — ಕಾರ್ಡ್ ಫುಲ್. ಒಂದೊಂದೇ ಡಿಲೀಟ್ ಮಾಡುತ್ತಾ ಕೂರೋಕೆ ಪುರುಸೊತ್ತೆಲ್ಲಿ, ಫಾರ್ಮ್ಯಾಟ್ ಒತ್ತಿಬಿಟ್ಟೆ. ಮತ್ತೆ ಫುಲ್ ಆಗೋವರೆಗೂ ತೆಗೆದೆ. ಇಷ್ಟು ದಿನದಲ್ಲಿ ಇದೇ ನನ್ನ ಒಳ್ಳೆ ಫೋಟೋ.

ಸೆಪ್ಟೆಂಬರ್ 18, ಗುರುವಾರ

ಫ್ರೇಮ್ ಬಂತು. ಸೀನು ಹೇಳಿದ, "ಹಳೇದು ಗಾಜಿಗೆ ಅಂಟ್ಕೊಂಡಿತ್ತು ಮೇಡಂ. ಬಿಡಿಸಕ್ಕೋದ್ರೆ ಚೂರುಚೂರಾಯ್ತು. ಎಸ್ದ್‌ಬಿಟ್ಟೆ, ಪರ್ವಾಗಿಲ್ವಾ?"

"ಪರ್ವಾಗಿಲ್ಲ ಬಿಡಣ್ಣ" ಅಂದೆ.

ಸೆಪ್ಟೆಂಬರ್ 21, ಭಾನುವಾರ, ಅಮಾವಾಸ್ಯೆ

ಮುದ್ದೆ, ಕೋಳಿ ಸಾರು, ವಡೆ, ಒಂದು ಕಟ್ಟು ಬೀಡಿ. ಮಾವನಿಗೆ ಇಷ್ಟವಾದದ್ದೆಲ್ಲ ಎಲೆಗೆ ಬಿತ್ತು. ಬಂದವರೆಲ್ಲ ಫೋಟೋ ಹೊಗಳಿದರು. ಭೀಮೇಶ್ ಕೂಡ, "ಅಪ್ಪ ಈಗ ಎದ್ದು ಬರೋ ಹಂಗವ್ರೆ."

ಅತ್ತೆ ಹಾರ ಹಿಡಿದು ಬಂದರು. ಹಾಕಲಿಲ್ಲ. ಗಾಜಿನ ಮೇಲೆ ಭುಜದ ಹತ್ತಿರ ಬೆರಳಾಡಿಸಿದರು.

"ಕೈ ಎಲ್ಲೋಯ್ತು?"

"ಯಾರದ್ದೋ ಕೈ ಅಡ್ಡ ಇತ್ತಲ್ಲ ಅತ್ತೆ, ತೆಗ್ದುಬಿಟ್ಟೆ" ಅಂದೆ. ಜಂಬದಿಂದಲೇ ಅಂದೆ.

ಹಾರವನ್ನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದರು. ಎಲ್ಲರಿಗೂ ಬಡಿಸಿದರು. ತಾವು ಉಣ್ಣಲಿಲ್ಲ.

ಸೆಪ್ಟೆಂಬರ್ 22, ಸೋಮವಾರ

ಆಫೀಸಿಗೆ ಹೋಗಲಿಲ್ಲ. ಅತ್ತೆ ಬೆಳಿಗ್ಗೆ ಸೊಪ್ಪು ಬಿಡಿಸುತ್ತಾ, ನನ್ನ ಮುಖ ನೋಡದೆ ಹೇಳಿದರು.

"ಅದು ನನ್ ಕೈ ಕಣೇ. ಮದ್ವೆ ಆದ ವರ್ಷ, ಕನಕಪುರದ ಸ್ಟುಡಿಯೋಲಿ ತೆಗ್ಸಿದ್ದು. ಅವ್ರು ಕುರ್ಚಿ ಮೇಲೆ, ನಾನು ಹಿಂದೆ ನಿಂತಿದ್ದೆ. ಹೆಗಲ ಮೇಲೆ ಕೈ ಇಡಮ್ಮ ಅಂದ ಸ್ಟುಡಿಯೋದವ್ನು. ನಾಚ್ಕೆ ನಂಗೆ, ಬೆರಳ ತುದಿ ಇಟ್ಟೆ. ಅವ್ರು ಹೋದಾಗ ಇದ್ದಿದ್ದು ಅದೊಂದೇ ಫೋಟೋ. ಬದ್ಕಿರೋರ್ನ ಹಾರದೊಳಕ್ಕೆ ಸೇರಿಸ್ಬಾರ್ದು ಅಂತ ನನ್ನ ಕತ್ತರಿಸಿ ತೆಗ್ದ್ರು. ಬೆರಳು ಮಾತ್ರ ಬರ್ಲಿಲ್ಲ, ಉಳ್ಕೊಂತು."

ಸೊಪ್ಪಿನ ಕಡ್ಡಿ ಒಟ್ಟುಮಾಡಿ, "ನಿಂಗೇನ್ ಗೊತ್ತಿತ್ತು, ಬಿಡು" ಅಂದರು.

ಬೈದಿದ್ದರೆ ಚೆನ್ನಾಗಿತ್ತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಸೆಪ್ಟೆಂಬರ್ 27, ಶನಿವಾರ

ಸೀನು ಅಂಗಡಿಗೆ ಹೋದೆ. ಹಳೇ ಫೋಟೋದ ಚೂರುಗಳು ಕಸದ ಗಾಡಿಗೆ ಹೋಗಿ ಎಷ್ಟೋ ದಿನವಾಗಿದೆ. ಬೆರಳಿದ್ದ ಫೋಟೋ ಕಾರ್ಡಿನಲ್ಲಾದರೂ ಸಿಗಬಹುದೇನೋ ಅಂತ ಮೇಘಶ್ರೀ ಅದನ್ನು ತಗೊಂಡು ಏನೇನೋ ಸಾಫ್ಟ್‌ವೇರ್ ಹಾಕಿ ನೋಡಿದಳು. "ಫಾರ್ಮ್ಯಾಟ್ ಆದ್ಮೇಲೆ ಸುಮ್ನಿದ್ದಿದ್ರೆ ಸಿಕ್ಕಿರೋದು ಮೇಡಂ. ಅದ್ರ ಮೇಲೆ ತುಂಬ್ಸಿಬಿಟ್ಟಿದ್ದೀರ." ಎಲ್ಲ ಜೇಡ. ಎಷ್ಟು ಕೋನದಲ್ಲಿ ಬೇಕೋ ಅಷ್ಟು ಜೇಡ.

ಬರ್ತ್‌ಡೇ, ನಾಮಕರಣ, ಎಲ್ಲರ ಮೊಬೈಲೂ ಜಾಲಾಡಿದೆ. ಹಿಂದಿನ ಗೋಡೆಯಲ್ಲಿ ಮಾವ ಇದ್ದಾರೆ. ಎಲ್ಲದರಲ್ಲೂ ಭುಜದ ಮೇಲೆ ಹಾರ.

ಸಾಕಾಗಿದೆ.

ಅಕ್ಟೋಬರ್ 1, ಬುಧವಾರ, ಆಯುಧಪೂಜೆ

ಭೀಮೇಶ್ ಸ್ಕೂಟರ್ ತೊಳೆದರು. ಕ್ಯಾಮೆರಾ ಪೂಜೆಗಿಡಲು ನನಗೆ ಮನಸ್ಸಿರಲಿಲ್ಲ. ಅತ್ತೆಯೇ ಬೀರುವಿನಿಂದ ತಂದು ಕುಂಕುಮ ಇಟ್ಟರು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ನಿಮ್ ಕೈದು ಒಂದು ಫೋಟೋ ತೆಗೀತೀನಿ. ಅದನ್ನ ಕಂಪ್ಯೂಟರ್‌ನಲ್ಲಿ ಮಾವನ ಹೆಗಲಿಗೆ ಸೇರಿಸ್ಬಹುದು. ಗೊತ್ತೇ ಆಗಲ್ಲ."

ಬೆರಳು ಮುಂದೆ ಚಾಚಿ ನೋಡಿಕೊಂಡರು. ಗಂಟು ಗಂಟು, ಕೊತ್ತಂಬರಿ ಸೊಪ್ಪಿನ ಹಸಿರು.

"ಈ ಬೆರಳ್ನ ಅವ್ರು ನೋಡೇ ಇಲ್ಲ ಕಣೇ."

ಕುಂಕುಮದ ಬಟ್ಟಲು ತಗೊಂಡು ಸ್ಕೂಟರ್ ಕಡೆ ಹೋದರು.

ಅಕ್ಟೋಬರ್ 4, ಶನಿವಾರ

ಲೆನ್ಸೂ ಬೇಡ, ಫ್ಲ್ಯಾಶೂ ಬೇಡ. ಸಂಜೆ ಜಯನಗರಕ್ಕೆ ಹೋಗಿ ಕಾರ್ಡ್ ತಗೊಂಡು ಬಂದೆ. ಅಂಗಡಿಯವನು ಕೇಳಿದ, "ಬೇರೆ ಏನಾದ್ರೂ ಬೇಕಾ ಮೇಡಂ, ಮ್ಯಾಕ್ರೋ ಆಫರ್ ಐತೆ." ಲೆನ್ಸ್ ಕಡೆ ತಿರುಗಿಯೂ ನೋಡಲಿಲ್ಲ.

ಅಕ್ಟೋಬರ್ 5, ಭಾನುವಾರ, ಬೆಳಿಗ್ಗೆ

ಬ್ಯಾಟರಿ ಚಾರ್ಜಿಗಿಟ್ಟಿದ್ದೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸ್ಪೇರ್ ಬ್ಯಾಟರಿಯೂ ಇಲ್ಲ ನನ್ನ ಹತ್ತಿರ.

ಅತ್ತೆ ಎದ್ದವರೇ ಮೈಸೂರು ಸಿಲ್ಕ್ ಉಟ್ಟಿದ್ದರು. ಮರದ ಕುರ್ಚಿಯನ್ನು ಮಗನ ಕೈಲಿ ತಾರಸಿಗೆ ಹೊರಿಸಿದರು. ಆಮೇಲೆ ಗೋಡೆಯಿಂದ ಮಾವನ ಫೋಟೋ ಇಳಿಸಲು ಹೇಳಿದರು. ಕುರ್ಚಿ ಮೇಲೆ ಇಡಬೇಕಂತೆ. ತಾವು ಹಿಂದೆ ನಿಲ್ಲುತ್ತಾರಂತೆ, ಕೈ ಇಟ್ಟುಕೊಂಡು.

ಭೀಮೇಶ್ ಗಾಬರಿಯಾದರು. "ಏನವ್ವಾ ಇದು, ಹಾರ ಹಾಕೋ ಫೋಟೋ ಜೊತೆ ನೀನ್ ನಿಂತ್ಕೊಳ್ಳೋದಾ? ಅಪಶಕುನ."

"ಅಪಶಕುನ ಅಂತಾನೇ ಒಂದ್ಸಲ ಕತ್ತರಿಸಿದ್ರು" ಅಂದರು ಅತ್ತೆ. "ಇದ್ನ ಈಗ ಹಾಕ್ಬೇಡ, ತೆಗ್ದಿಡು. ನಾನ್ ಹೋದ್ಮೇಲೆ ಹಾಕು. ಆಗ ಯಾರ್ನೂ ಕತ್ತರಿಸೋ ಹಂಗಿರಲ್ಲ."

ಭೀಮೇಶ್ ಫ್ರೇಮನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದರು.

ಮೇಲಿಂದ ಕೂಗು. "ಶಾಂತಾ, ಕಾರ್ಡ್ ಖಾಲಿ ಐತೇನೇ?"

ಖಾಲಿ ಇದೆ ಅತ್ತೆ, ಪೂರ್ತಿ ಖಾಲಿ ಇದೆ ಅಂತ ಕೂಗಿದೆ. ಬಿಸಿಲು ಏರುತ್ತಿದೆ. ಅತ್ತೆ ಆಗಲೇ ಕುರ್ಚಿ ಹಿಂದೆ ನಿಂತುಬಿಟ್ಟಿದ್ದಾರಂತೆ, ಮೈಸೂರು ಸಿಲ್ಕಿನ ಸೆರಗು ಸರಿಮಾಡಿಕೊಂಡು, ಕೈ ಇಟ್ಟುಕೊಂಡು... ಚಾರ್ಜರಿನ ಹಸಿರು ಲೈಟ್ ಬಂತು —