ಅರ್ಧ ಶಿಕ್ಷೆಯ ಗಂಡ

ಕಡಲಜೈಲು, ಕಾರವಾರ
ಫೆಬ್ರವರಿ ಮೂವತ್ತು, ೨೩೧೯

ಇನ್ನೂ ಹುಟ್ಟದ ನನ್ನ ಮರಿಮಗಳೇ,

ಫೆಬ್ರವರಿಗೆ ಮೂವತ್ತು ದಿನ ಕೊಟ್ಟದ್ದು ನಮ್ಮ ಕಾಲದ ಸರ್ಕಾರ; ನಿನ್ನ ಕಾಲದವರು ಅದನ್ನು ಕಿತ್ತುಕೊಂಡಿರಲೂಬಹುದು. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸು. 'ಪಾಲುಸೆರೆ' ಎಂದರೆ ಕೈದಿಯನ್ನು ಮದುವೆಯಾದವರು ಶಿಕ್ಷೆಯಲ್ಲಿ ಅರ್ಧ ಹೊರಬೇಕೆನ್ನುವ ಕಾನೂನು. ಇವತ್ತು ಸಂಜೆ ನನ್ನ ಪಾಲುಸೆರೆ ಹೊರಲು ವಿಠೋಬ ಎಂಬಾತ ಬರುತ್ತಿದ್ದಾನೆ.

ಇಲ್ಲಿ ನಾವು ಸಮುದ್ರದ ನೀರನ್ನು ಸಿಹಿ ಮಾಡುವ ತೊಟ್ಟಿಗಳಿಂದ ಉಪ್ಪು ಕೆರೆಯುತ್ತೇವೆ. ಬೆರಳಿನ ಬಿರುಕಿಗೆ ಉಪ್ಪು ಹೊಕ್ಕು ಅನ್ನ ಕಲಸುವುದೇ ಕಷ್ಟ, ಹಾಗಾಗಿ ದಿನವೂ ಗಂಜಿ. ಯಾರದಾದರೂ ಮದುವೆಯಾದರೆ ಮಾತ್ರ ಎಲ್ಲರಿಗೂ ಪಾಯಸ. ಆದ್ದರಿಂದ ಇಡೀ ಜೈಲೇ ವಿಠೋಬನ ಪರ. ವಾರ್ಡನ್ ತುಳಸಕ್ಕ ನಿನ್ನೆಯೂ ಗದರಿದಳು: "ಎಂತ ಯೋಚ್ನೆ ಮಾಡ್ತೆ ಮಾರಾಯ್ತಿ? ಅರ್ಧ ಶಿಕ್ಷೆ ಹೊರೂಕೆ ಗಂಡು ತಾನಾಗೇ ಬಂದಾನೆ!"

ತಾನಾಗೇ ಬಂದ ಎನ್ನುವುದೇ ನನ್ನ ಅನುಮಾನ. ನಾನು ಊರಿನ ಕುಡಿಯುವ ನೀರಿನ ಟ್ಯಾಂಕಿಗೆ ಕಾವಲಿದ್ದೆ. ಯಾರೋ ಬೀಗ ತೆಗೆದು ನೀರನ್ನೆಲ್ಲ ಕದ್ದು ಸಾಗಿಸಿದರು. ಬೀಗ ಮುರಿದಿರಲಿಲ್ಲ, ಕೀಲಿ ನನ್ನ ಬಳಿ ಇತ್ತು, ಕಳ್ಳಿ ನಾನೇ ಎಂದು ತೀರ್ಪಾಯಿತು. ಆ ಬೀಗಕ್ಕೆ ಕೊಬ್ಬರಿ ಎಣ್ಣೆಯ ವಾಸನೆ ಇದ್ದದ್ದನ್ನು ನಾನು ಯಾರ ಹತ್ತಿರವೂ ಬಾಯಿಬಿಡಲಿಲ್ಲ. ನನ್ನ ತಲೆಯಲ್ಲೂ ಅದೇ ಎಣ್ಣೆ ಇತ್ತಲ್ಲ. ಮೊನ್ನೆ ಭೇಟಿಗೆ ಬಂದ ವಿಠೋಬ ಸಮಾಧಾನ ಹೇಳುವ ಭರದಲ್ಲಿ, "ತುಕ್ಕು ಹಿಡ್ದ ಬೀಗ, ಚೂರು ಕೊಬ್ಬರಿ ಎಣ್ಣೆ ಬಿಟ್ರೆ ತಂತಿಗೂ ತೆರ್ಕಂತದೆ" ಎಂದುಬಿಟ್ಟ. ಕೂಡಲೇ ಮಾತು ತಿರುಗಿಸಿ, ಮದುವೆಗೆ ಯಾವ ಬಣ್ಣದ ಸೀರೆ ಬೇಕೆಂದು ಕೇಳಿದ. ನಮ್ಮ ಕಾನೂನಿನಲ್ಲಿ ಹೆಂಡತಿಯ ಸಾಕ್ಷಿ ಗಂಡನ ಮೇಲೆ ನಡೆಯುವುದಿಲ್ಲ.

ಸುಮ್ಮನೆ ದೂರವಿದ್ದಿದ್ದರೆ ಅವನು ಸಿಕ್ಕಿಬೀಳುತ್ತಲೇ ಇರಲಿಲ್ಲ. ಮನಸ್ಸು ಚುಚ್ಚಿ ಬಂದಿರಬಹುದು. ಅದನ್ನೂ ನಾನು ಪೂರ್ತಿ ನಂಬುವುದಿಲ್ಲ. ಅವನು ನನಗೆ ಇಷ್ಟವಾಗಿದ್ದಾನೆ, ಕಷ್ಟ ಇರುವುದೇ ಅಲ್ಲಿ.

ತಾಳಿಗೆ ಮೊದಲು, ಬೀಗ ತೆಗೆದವರು ಯಾರೆಂದು ಎಲ್ಲರೆದುರು ಅವನನ್ನೇ ಕೇಳುತ್ತೇನೆ. ಒಪ್ಪಿಕೊಂಡರೆ ಶಿಕ್ಷೆ ಪೂರ್ತಿ ಅವನದು. ಆಗಲೂ ತಾಳಿ ಕಟ್ಟಿಸಿಕೊಂಡು ಅದರಲ್ಲಿ ಅರ್ಧ ನಾನು ಹೊರುತ್ತೇನೆ. ಹೇಗಿದ್ದರೂ ನಾನು ಕೆರೆಯುವ ಉಪ್ಪು ಅಷ್ಟೇ ಇರುತ್ತದೆ, ಆದರೆ ಕಳ್ಳಿ ಎನಿಸಿಕೊಂಡು ಕೆರೆಯಬೇಕಾಗಿಲ್ಲ. ಸುಳ್ಳು ಹೇಳಿದರೆ ಮದುವೆಯಿಲ್ಲ, ಯಾರಿಗೂ ಪಾಯಸವಿಲ್ಲ.

ನೀನು ಹುಟ್ಟಿದ್ದರೆ ಅವನು ನಿಜ ಹೇಳಿದ ಎಂದುಕೋ. ಆದರೂ ಒಮ್ಮೆ ಊರಿಗೆ ಹೋಗಿ, ಟ್ಯಾಂಕಿನ ನೀರು ಕದ್ದವರು ಯಾರೆಂದು ಹಿರಿಯರನ್ನು ವಿಚಾರಿಸು. ಅವರು ನನ್ನ ಹೆಸರು ಹೇಳಿದರೆ, ನಾನು ಏನೂ ಕೇಳದೆಯೇ ತಾಳಿಗೆ ತಲೆ ಬಗ್ಗಿಸಿದೆ ಎಂದು ತಿಳಿ.

ನಿನ್ನ ಮುತ್ತಜ್ಜಿ, ಒಂದು ವೇಳೆ ಆದರೆ,
ನಾಗವೇಣಿ