ಹೊರಕೋಣೆಯ ದಿಂಬು

ಮಾರ್ಚ್ ೪, ಬೆಳಿಗ್ಗೆ ೧೧
ಯೂನಿಫಾರಂ ಎರಡು ಹೊಲಿದು ಮುಗಿಸಿದೆ. ಮೂರನೆಯದಕ್ಕೆ ಮಷಿನ್ ಮುಂದೆ ಕೂರಲಾಗಲಿಲ್ಲ. ಅದೇ ತುರಿಕೆ, ಅದೇ ಉರಿ. ಮುಲಾಮು ಎಷ್ಟನೆಯ ಟ್ಯೂಬೋ, ಮರೆತೇ ಹೋಗಿದೆ. "ಫಂಗಸ್ ಅಕ್ಕಾ, ಅಂಟುತ್ತೆ, ಹುಷಾರು" ಎಂದಿದ್ದ ಮೆಡಿಕಲ್ ಸ್ಟೋರಿನವನು, ಎರಡು ವರ್ಷದ ಹಿಂದೆ. ನಾನು ಹೇಳಿದ್ದು ಕಂಕುಳು ಎಂದು. ತೊಡೆಗಳ ನಡುವಿನ ನಿಜವಾದ ಜಾಗ ಹೇಳಲು ಬಾಯಿ ಬರಲಿಲ್ಲ.

ಅವತ್ತೇ ಇವರ ದಿಂಬನ್ನು ಹೊರಕೋಣೆಗೆ ಕಳಿಸಿದೆ. "ನಿಮ್ಮ ಗೊರಕೆ ಜಾಸ್ತಿಯಾಗಿದೆ ರೀ" ಎಂದೆ. ಇವರು ಎತ್ತಿಕೊಂಡು ಹೋದರು. ಈಗ ಆ ಗೊರಕೆಗಾಗಿ ಗೋಡೆಗೆ ಕಿವಿ ಕೊಡುತ್ತೇನೆ.

ಮಾರ್ಚ್ ೯
ರಕ್ತ ಕಂಡಿತು. ತಂಗಿ ಬೈದು ಎಳೆದುಕೊಂಡು ಹೋದಳು. ಚರ್ಮದ ಡಾಕ್ಟರಮ್ಮ ಕನ್ನಡಿ ಕೊಟ್ಟು "ನೀವೇ ನೋಡಿ" ಎಂದರು. ಬೀದಿಯ ಹೆಂಗಸರ ಅಳತೆಯೆಲ್ಲ ನನಗೆ ಬಾಯಿಪಾಠ. ನನ್ನದನ್ನು ಮಾತ್ರ ಐವತ್ತೆಂಟು ವರ್ಷ ನೋಡಿರಲಿಲ್ಲ. ಕೆಂಪು ತೇಪೆ, ಅಲ್ಲಲ್ಲಿ ಬಿಳಿ. ಮರಗಟ್ಟಿಸಿ ಒಂದು ಚೂರು ತೆಗೆದರು, ಬಯಾಪ್ಸಿಗೆ.

ಮಾರ್ಚ್ ೨೨, ಸಂಜೆ
ಪ್ಯಾಜೆಟ್. ಯಾವುದೋ ಬಟ್ಟೆ ಅಂಗಡಿಯ ಹೆಸರಿನಂತಿದೆ. ಚರ್ಮದ ಕ್ಯಾನ್ಸರ್, ತೀರಾ ಅಪರೂಪದ್ದಂತೆ. ಆಳಕ್ಕೆ ಇಳಿದಂತಿಲ್ಲವಂತೆ.
"ಕಣ್ಣಿಗೆ ಕಾಣೋ ಕೆಂಪಿನ ಆಚೆಗೂ ಹರಡಿರುತ್ತೆ. ಸುತ್ತಲೂ ಚೂರು ತೆಗೆದು ನೋಡಿ, ಆಮೇಲೆ ಆಪರೇಷನ್" ಎಂದರು ಡಾಕ್ಟರಮ್ಮ.
"ಅಂಚು ಎಷ್ಟು ಬಿಡ್ತೀರಿ?" ಎಂದೆ. ದರ್ಜಿ ಬುದ್ಧಿ ಎಲ್ಲಿ ಹೋಗುತ್ತೆ! ಡಾಕ್ಟರಮ್ಮ ನಕ್ಕುಬಿಟ್ಟರು.
ಏಳುವಾಗ ಕೇಳಿದೆ. "ನಮ್ಮನೆಯವ್ರಿಗೆ ಅಂಟಿರುತ್ತಾ?"
"ಕ್ಯಾನ್ಸರ್ ಎಲ್ಲಾದ್ರೂ ಅಂಟುತ್ತೇನಮ್ಮಾ!"
ಕ್ಯಾನ್ಸರ್‌ಗೆ ಅಳಲಿಲ್ಲ. ಇದಕ್ಕೆ ಅತ್ತೆ. ಎರಡು ವರ್ಷ...

ಮಾರ್ಚ್ ೨೩
ಇವರಿಗೆ ಹೇಳಬೇಕು. ಕ್ಯಾನ್ಸರ್ ಎನ್ನಬಲ್ಲೆ. "ಎಲ್ಲಿ?" ಎಂದರೆ? ಊಟಕ್ಕೆ ಕೂತಾಗ ಬಾಯಿ ತೆರೆದೆ. "ಉಪ್ಪು ಸಾಕಾ?" ಎಂದೆ.

ಮಾರ್ಚ್ ೨೯
ಹೇಳಿದೆ. ಬೆನ್ನು ತಿರುಗಿಸಿ, ಮಷಿನ್ ತುಳಿಯುತ್ತಾ. ಜಾಗವನ್ನೂ, ಗೊರಕೆಯ ಸುಳ್ಳನ್ನೂ.
"ನಾನೇ ನಿಂಗೆ ಬೇಡ ಆದೆ ಅಂದ್ಕೊಂಡಿದ್ದೆ ಕಣೇ."
ಅಷ್ಟೇ. ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಏಪ್ರಿಲ್ ೨೬, ಮಧ್ಯಾಹ್ನ ೩
ಆಪರೇಷನ್ ಆಗಿ ಹನ್ನೆರಡು ದಿನ. ತೊಡೆಯ ಚರ್ಮ ತೆಗೆದು ತೇಪೆ ಹಾಕಿದ್ದಾರೆ. ನಾನಾಗಿದ್ದರೆ ಇನ್ನೂ ನೀಟಾಗಿ ಹೊಲಿಯುತ್ತಿದ್ದೆ. ಒಂದು ಕಡೆಯ ಅಂಚಿನಲ್ಲಿ ರೋಗ ಇನ್ನೂ ಚೂರು ಉಳಿದಿದೆಯಂತೆ. ಗಾಯ ಮಾಗಿದ ಮೇಲೆ ಅದಕ್ಕೆ ಬೇರೆ ಮುಲಾಮು, ವರ್ಷಗಟ್ಟಲೆ ತಪಾಸಣೆ. ಆಸ್ಪತ್ರೆಯಲ್ಲಿ ಇವರು ನನ್ನ ಮಂಚದ ಪಕ್ಕದ ಕುರ್ಚಿ ಬಿಟ್ಟು ಕದಲಲಿಲ್ಲ. ಮನೆಗೆ ಬಂದ ಮೇಲೆ ಮತ್ತೆ ಹೊರಕೋಣೆ. ನೋವಾದೀತು ಎಂದು ಹೆದರಿಕೆಯೋ, ಮುನಿಸೋ.

ಹಿಂದಿನ ಹಾಗೆ ಎಲ್ಲ ಆಗಲಿ ಎಂಬ ಆಸೆಯಿಲ್ಲ. ಪಕ್ಕದಲ್ಲಿ ಇವರ ಮೈಯ ಬಿಸಿ ಬೇಕು, ಆ ಹಾಳು ಗೊರಕೆ ಬೇಕು. ಈ ವಯಸ್ಸಲ್ಲಿ ಕೇಳಲು ನಾಚಿಕೆ. ಕೇಳದಿದ್ದರೆ—

ಬಾಗಿಲಲ್ಲಿ ಇವರು. ಕಂಕುಳಲ್ಲಿ ದಿಂಬು.
"ಗೊರಕೆ ಹೊಡೀತೀನಿ. ಪರ್ವಾಗಿಲ್ವಾ?"
ಹೊಲಿಗೆ ಎಳೆಯುತ್ತದೆ. ಆದರೂ ಸರಿದು ಜಾಗ ಮಾಡಿದೆ.